ಕಾಣೆಯಾದ ಹಡಗುಗಳು, ಮುಗಿಯದ ಲೆಕ್ಕಗಳು

1979ರ ಜೂನ್ 30ರಂದು ಗೋವಾದ ಮರ್ಮಗೋವಾ ಬಂದರಿನಿಂದ 'ಕೈರಳಿ' ಎಂಬ ಸರಕು ನೌಕೆ ಹೊರಟಿತು. ಕೇರಳ ಸರ್ಕಾರದ ಒಡೆತನದ ಕೇರಳ ಷಿಪ್ಪಿಂಗ್ ಕಾರ್ಪೊರೇಷನ್ನಿಗೆ ಸೇರಿದ ಈ ನೌಕೆಯಲ್ಲಿ ಇಪ್ಪತ್ತು ಸಾವಿರ ಟನ್ನಿಗೂ ಮಿಗಿಲಾದ ಕಬ್ಬಿಣದ ಅದಿರು ತುಂಬಿತ್ತು. ತಲುಪಬೇಕಾಗಿದ್ದುದು ಅಂದಿನ ಪೂರ್ವ ಜರ್ಮನಿಯ ರಾಸ್ಟಾಕ್ ಬಂದರು. ದಾರಿಯಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಇಂಧನ ತುಂಬಿಸಿಕೊಳ್ಳುವ ಏರ್ಪಾಡಿತ್ತು. ಅರಬ್ಬೀ ಸಮುದ್ರದಲ್ಲಿ ಮುಂಗಾರು ಬಿರುಸಾಗಿದ್ದ ಸಮಯ. ಜುಲೈ 3ರಂದು ನೌಕೆಯಿಂದ ಬಂದ ರೇಡಿಯೋ ಸಂದೇಶವೇ ಕೊನೆಯದಾಯಿತು. ಹಡಗು ಬಂದು ಮುಟ್ಟಿಲ್ಲವೆಂಬ ಸುದ್ದಿ ಜಿಬೂಟಿಯಿಂದ ಬಂದ ಮೇಲಷ್ಟೇ ಹುಡುಕಾಟ ಆರಂಭವಾಯಿತು. ಅಷ್ಟರಲ್ಲಿ ಹಲವು ದಿನಗಳು ಕಳೆದಿದ್ದವು. ನೌಕೆಯಾಗಲಿ, ಅದರಲ್ಲಿದ್ದ ಸುಮಾರು ಐವತ್ತು ಮಂದಿಯಾಗಲಿ ಮತ್ತೆ ಕಾಣಲಿಲ್ಲ.

ಇಂತಹ ಪ್ರಸಂಗಗಳು ಜನಪ್ರಿಯ ಪತ್ರಿಕೆಗಳ ಕೈಗೆ ಸಿಕ್ಕಾಗ ಕಡಲ್ಗಳ್ಳರು, ಕಾಂತಶಕ್ತಿ, ಹಾರುವ ತಟ್ಟೆಗಳು ಎಲ್ಲವೂ ಬಂದು ಸೇರುತ್ತವೆ. ವಾಣಿಜ್ಯ ವ್ಯವಹಾರದಲ್ಲಿರುವವರ ದೃಷ್ಟಿ ಬೇರೆಯಾಗಿರಬೇಕಾಗುತ್ತದೆ. ಹಡಗು ಒಬ್ಬರ ಆಸ್ತಿ, ಅದರೊಳಗಿನ ಸರಕು ಇನ್ನೊಬ್ಬರದು, ಸರಕಿನ ಮೇಲೆ ಸಾಲ ಕೊಟ್ಟ ಬ್ಯಾಂಕು ಮತ್ತೊಂದು, ವಿಮೆ ಇಳಿಸಿದ ಕಂಪನಿ ಮಗದೊಂದು. ನಾವಿಕರಾದರೋ ಅಷ್ಟು ಮನೆಗಳ ದುಡಿಯುವ ಕೈಗಳು. ನಷ್ಟವನ್ನು ಯಾರ ಖಾತೆಗೆ ಬರೆಯಬೇಕೆಂಬುದು ಬಹುಮಟ್ಟಿಗೆ ಕಾರಣವನ್ನೇ ಅವಲಂಬಿಸಿರುವುದರಿಂದ, ಕಾರಣದ ಪ್ರಶ್ನೆ ಇಲ್ಲಿ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ.

ತ್ರಿಕೋಣಕ್ಕೆ ಪ್ರತ್ಯೇಕ ದರವಿಲ್ಲ

ಫ್ಲಾರಿಡಾ, ಬರ್ಮುಡಾ ಮತ್ತು ಪೋರ್ಟೊ ರಿಕೊಗಳ ನಡುವಣ ಸಾಗರಭಾಗಕ್ಕೆ 'ಬರ್ಮುಡಾ ತ್ರಿಕೋಣ' ಎಂಬ ಹೆಸರು ಬಂದುದು 1964ರಲ್ಲಿ, ವಿನ್ಸೆಂಟ್ ಗ್ಯಾಡಿಸ್ ಎಂಬ ಅಮೆರಿಕನ್ ಲೇಖಕನ ಪತ್ರಿಕಾ ಬರಹದಿಂದ. ಹತ್ತು ವರ್ಷಗಳ ಬಳಿಕ, 1974ರಲ್ಲಿ, ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿ ಆ ಹೆಸರನ್ನು ಜಗತ್ತಿನ ಮನೆಮಾತಾಗಿಸಿತು. ಆದರೆ ಅದರ ಮರುವರ್ಷವೇ ಪ್ರಕಟವಾದ ಇನ್ನೊಂದು ಪುಸ್ತಕದ ಸುದ್ದಿ ಕನ್ನಡದ ಓದುಗರವರೆಗೆ ಅಷ್ಟಾಗಿ ಬರಲಿಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಲ್ಯಾರಿ ಕುಷೆ ಮಾಡಿದ್ದು ಬಹಳ ಸರಳವಾದ ಕೆಲಸ. ತ್ರಿಕೋಣದಲ್ಲಿ ನಡೆಯಿತೆನ್ನಲಾದ ಒಂದೊಂದು ಘಟನೆಯ ದಿನಾಂಕವನ್ನೂ ಹಿಡಿದು ಆ ಕಾಲದ ವೃತ್ತಪತ್ರಿಕೆಗಳು, ಹವಾಮಾನ ದಾಖಲೆಗಳು ಮತ್ತು ತನಿಖಾ ವರದಿಗಳನ್ನು ಆತ ತೆಗೆದು ನೋಡಿದ. ಲೆಕ್ಕಪರಿಶೋಧಕರು ನಮೂದಿಗೆ ವೋಚರ್ ಕೇಳುತ್ತಾರಲ್ಲ, ಹಾಗೆ. ಶಾಂತ ಸಮುದ್ರದಲ್ಲಿ ಮಾಯವಾಯಿತೆಂದು ಬರೆಯಲಾಗಿದ್ದ ಹಡಗು ಬಿರುಗಾಳಿಗೆ ಸಿಕ್ಕಿದ್ದುದು ಕಂಡುಬಂತು. ತ್ರಿಕೋಣದ್ದೆಂದು ಲೆಕ್ಕಕ್ಕೆ ಸೇರಿಸಿದ್ದ ಒಂದು ನೌಕೆಗೆ ಅವಘಡವಾದದ್ದು ಪೆಸಿಫಿಕ್ ಸಾಗರದಲ್ಲಿ! ಕೆಲವು ಘಟನೆಗಳು ನಡೆದುದಕ್ಕೆ ಯಾವ ದಾಖಲೆಯೂ ಇರಲಿಲ್ಲ.

ವರ್ತಕರಿಗೆ ಇದಕ್ಕಿಂತಲೂ ಮನದಟ್ಟಾಗುವ ಸಾಕ್ಷ್ಯವೊಂದಿದೆ. ಹಡಗುಗಳ ವಿಮೆಯಲ್ಲಿ ಮುನ್ನೂರು ವರ್ಷಗಳಿಗೂ ಮೀರಿದ ಅನುಭವವಿರುವ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯು, ಈ ಪ್ರದೇಶದಲ್ಲಿ ಬೇರೆಡೆಗಿಂತ ಹೆಚ್ಚು ಹಡಗುಗಳು ನಷ್ಟವಾಗಿಲ್ಲವೆಂದು ತಿಳಿಸಿತು. ಈ ಭಾಗವನ್ನು ಹಾದುಹೋಗುವ ನೌಕೆಗಳಿಗೆ ಹೆಚ್ಚುವರಿ ಪ್ರೀಮಿಯಂ ಇಲ್ಲ. ಅಪಾಯ ನಿಜವಾಗಿ ಇರುವೆಡೆ ವಿಮಾ ಮಾರುಕಟ್ಟೆ ಸುಮ್ಮನಿರುವುದಿಲ್ಲ. ಸೊಮಾಲಿಯಾದ ಕಡಲ್ಗಳ್ಳರ ಹಾವಳಿಯ ವರ್ಷಗಳಲ್ಲಿ ಏಡನ್ ಕೊಲ್ಲಿಗೂ, 2023ರ ಕೊನೆಯಿಂದ ದಾಳಿಗಳು ನಡೆದಾಗ ಕೆಂಪು ಸಮುದ್ರಕ್ಕೂ ಪ್ರೀಮಿಯಂ ಹಲವು ಪಟ್ಟು ಏರಿದುದನ್ನು ರಫ್ತುದಾರರು ತಮ್ಮ ಬಿಲ್ಲುಗಳಲ್ಲಿಯೇ ಕಂಡಿದ್ದಾರೆ. ಹಣ ಹೂಡಿದವರು ನಂಬದ ಭೂತವನ್ನು ಉಳಿದವರು ನಂಬಬೇಕಾದ ಅಗತ್ಯವಿಲ್ಲ.

ಸಮುದ್ರದ ತಳದಿಂದ ಮೀಥೇನ್ ಅನಿಲ ಉಕ್ಕಿ, ನೀರಿನ ಸಾಂದ್ರತೆ ತಗ್ಗಿ ಹಡಗು ಮುಳುಗುತ್ತದೆ ಎಂಬ ವಾದವೂ ಒಂದಿದೆ. ತತ್ತ್ವತಃ ಅದು ಅಸಾಧ್ಯವಲ್ಲ. ಆದರೆ ಕಳೆದ ಹದಿನೈದು ಸಾವಿರ ವರ್ಷಗಳಲ್ಲಿ ಆ ಪ್ರದೇಶದಲ್ಲಿ ಅಷ್ಟು ದೊಡ್ಡ ಪ್ರಮಾಣದ ಅನಿಲ ಹೊರಬಿದ್ದಿಲ್ಲವೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿರುವುದರಿಂದ ಆ ವಿಷಯವನ್ನು ಇಲ್ಲಿಗೆ ಬಿಡಬಹುದು.

ಅದಿರಿನ ಹಡಗುಗಳ ಕಥೆ

ಕಾಣೆಯಾದ ನೌಕೆಗಳ ಪಟ್ಟಿಯಲ್ಲಿ ಹಡಗು ಎಲ್ಲಿ ಮುಳುಗಿತು ಎಂಬ ಅಂಕಣವನ್ನು ಬಿಟ್ಟು ಅದರಲ್ಲಿ ಏನು ತುಂಬಿತ್ತು ಎಂಬ ಅಂಕಣವನ್ನು ಓದುತ್ತ ಹೋದರೆ, ಅದಿರು ಮತ್ತೆ ಮತ್ತೆ ಎದುರಾಗುತ್ತದೆ. ತ್ರಿಕೋಣದ ಕಥೆಗಳಲ್ಲಿ ಅಗ್ರಸ್ಥಾನ ಪಡೆದ ಅಮೆರಿಕದ ನೌಕಾಪಡೆಯ 'ಸೈಕ್ಲೋಪ್ಸ್' ಇದಕ್ಕೆ ಉದಾಹರಣೆ. 1918ರ ಮಾರ್ಚ್ 4ರಂದು ಬಾರ್ಬಡೋಸ್ ಬಿಟ್ಟು ಬಾಲ್ಟಿಮೋರಿಗೆ ಹೊರಟ ಈ ನೌಕೆ 306 ಮಂದಿಯೊಡನೆ ಕಾಣೆಯಾಯಿತು. ಅದು ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ್ದ ಹಡಗು. ಆ ಸಲ ಅದರಲ್ಲಿದ್ದುದು ಬ್ರೆಜಿಲಿನಿಂದ ತಂದ ಸುಮಾರು ಹನ್ನೊಂದು ಸಾವಿರ ಟನ್ ಮ್ಯಾಂಗನೀಸ್ ಅದಿರು. ಎರಡು ಎಂಜಿನುಗಳಲ್ಲಿ ಒಂದು ಕೆಟ್ಟಿತ್ತು, ಹೊರೆಯೂ ಮಿತಿಮೀರಿತ್ತು. ಅದೇ ವಿನ್ಯಾಸದ ಇನ್ನೆರಡು ಹಡಗುಗಳಾದ 'ಪ್ರೋಟಿಯಸ್' ಮತ್ತು 'ನೀರಿಯಸ್' 1941ರ ಕೊನೆಯಲ್ಲಿ ಬಾಕ್ಸೈಟ್ ಹೊತ್ತು ಹೊರಟು ಒಂದರ ಹಿಂದೊಂದು ಕಾಣೆಯಾದವು. ಒಂದೇ ಬಗೆಯ ಮೂರು ಹಡಗು, ಮೂರರಲ್ಲಿಯೂ ಭಾರವಾದ ಅದಿರು. ಇಷ್ಟು ತಿಳಿದ ಮೇಲೆ ಕಾಂತಶಕ್ತಿಯನ್ನು ಹುಡುಕುವುದಕ್ಕಿಂತ ಹಡಗಿನ ಕಟ್ಟಡದ ಬಲವನ್ನು ಪರಿಶೀಲಿಸುವುದು ವಿವೇಕ.

ಕಲ್ಲಿದ್ದಲು ಅಥವಾ ಧಾನ್ಯ ಹಡಗಿನ ಹೊಟ್ಟೆಯನ್ನು ತುಂಬಿಬಿಡುತ್ತದೆ. ಅದಿರು ಹಾಗಲ್ಲ, ಹಡಗು ಹೊರಬಹುದಾದ ಪೂರ್ತಿ ತೂಕವನ್ನು ಏರಿಸಿದರೂ ಜಾಗದ ಬಹುಭಾಗ ಖಾಲಿಯೇ ಉಳಿಯುತ್ತದೆ. ತೂಕವೆಲ್ಲ ಕೆಲವೇ ಕಡೆ ಕೇಂದ್ರೀಕೃತವಾಗಿ ಹಡಗಿನ ಬೆನ್ನೆಲುಬಿಗೆ ಒತ್ತಡ ಬೀಳುತ್ತದೆ. ಮೇಲೆ ಖಾಲಿಯುಳಿದ ಜಾಗಕ್ಕೆ ಒಮ್ಮೆ ನೀರು ನುಗ್ಗಿದರೆ ತಡೆಯುವುದು ಏನೂ ಇರುವುದಿಲ್ಲ. ಆದ್ದರಿಂದ ಅದಿರಿನ ಹಡಗು ಮುಳುಗುವುದು ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ. 'ಸಹಾಯಕ್ಕಾಗಿ ಒಂದು ಸಂದೇಶವನ್ನೂ ಕಳುಹಿಸದೆ ಮಾಯವಾಯಿತು' ಎಂದು ರೋಚಕವಾಗಿ ಬರೆಯುವ ಸಾಲಿನ ಹಿಂದಿರುವ ವಾಸ್ತವ ಸಾಮಾನ್ಯವಾಗಿ ಇಷ್ಟೇ.

ಬ್ರಿಟನ್ನಿನ 'ಡರ್ಬಿಷೈರ್' ಪ್ರಕರಣ ಇದನ್ನು ಸಾಕ್ಷ್ಯಸಮೇತ ತೋರಿಸಿಕೊಟ್ಟಿತು. ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಕಬ್ಬಿಣದ ಅದಿರು ಹೊತ್ತು ಕೆನಡಾದಿಂದ ಜಪಾನಿಗೆ ಹೊರಟಿದ್ದ ಈ ಬೃಹತ್ ನೌಕೆ 1980ರ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸಿಲುಕಿ, ಒಂದು ಸಂದೇಶವನ್ನೂ ಕಳುಹಿಸದೆ, 44 ಮಂದಿಯೊಡನೆ ಮುಳುಗಿತು. ಸಮುದ್ರದಲ್ಲಿ ನಷ್ಟವಾದ ಬ್ರಿಟಿಷ್ ಹಡಗುಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಮೊದಲ ವಿಚಾರಣೆ ಪ್ರಕೃತಿಯ ಪ್ರಕೋಪವನ್ನು ಹೆಸರಿಸಿ ಮುಗಿಯಿತು. ನಾವಿಕರ ಮನೆಯವರು ಒಪ್ಪಲಿಲ್ಲ. ಸಂಘ ಕಟ್ಟಿಕೊಂಡು ಹೋರಾಡಿದರು. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವು ಹಣ ಒದಗಿಸಿದ ಶೋಧದಲ್ಲಿ 1994ರಲ್ಲಿ ನಾಲ್ಕು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಅವಶೇಷ ಸಿಕ್ಕಿತು. ಆ ಮೇಲೂ ಒಂದು ಹಂತದಲ್ಲಿ ದೋಷ ನಾವಿಕರ ತಲೆಗೆ ಬಂತು: ಮುಂಭಾಗದ ಉಗ್ರಾಣದ ಮುಚ್ಚಳವನ್ನು ಅವರು ಸರಿಯಾಗಿ ಭದ್ರಪಡಿಸಿರಲಿಲ್ಲ ಎಂದು. ನೀರಿನಡಿ ತೆಗೆದ ಸಾವಿರಾರು ಚಿತ್ರಗಳನ್ನು ಪರಿಶೀಲಿಸಿದ ಮರುವಿಚಾರಣೆ 2000ದಲ್ಲಿ ಕೊಟ್ಟ ತೀರ್ಮಾನ ಬೇರೆ. ಅಲೆಗಳ ಹೊಡೆತಕ್ಕೆ ಮುಂಭಾಗದ ಗಾಳಿಕೊಳವೆಗಳು ಮುರಿದು, ಅಲ್ಲಿಂದ ನೀರು ಇಳಿದು, ಮೂತಿ ತಗ್ಗಿ, ಸರಕಿನ ಮೊದಲ ಕೋಣೆಯ ಮುಚ್ಚಳ ಕುಸಿಯಿತು. ನಾವಿಕರ ತಪ್ಪೇನೂ ಇರಲಿಲ್ಲ. ಸತ್ತವರ ಹೆಸರಿನ ಮೇಲಿದ್ದ ಆ ಕಳಂಕವನ್ನು ತೊಡೆಯಲು ಇಪ್ಪತ್ತು ವರ್ಷಗಳು ಹಿಡಿದವು.

ಇನ್ನು ಕರ್ನಾಟಕದ ಬಂದರಿಗೆ ನೇರವಾಗಿ ಸಂಬಂಧಿಸಿದ ಕಾರಣ. ಕಡಲ ದಂಡೆಯ ಒದ್ದೆ ಮರಳನ್ನು ಕಾಲಿನಿಂದ ತಟ್ಟುತ್ತಿದ್ದರೆ ನೀರು ಮೇಲೆ ಜಿನುಗಿ ಮರಳು ಕೆಸರಿನಂತಾಗುವುದನ್ನು ಕರಾವಳಿಯ ಮಕ್ಕಳೂ ಬಲ್ಲರು. ಅದಿರಿನ ಪುಡಿಯ ವರ್ತನೆಯೂ ಹೀಗೆಯೇ. ಬಂದರಿನಲ್ಲಿ ತುಂಬುವಾಗ ಒಣಗಿದಂತೆ ಕಾಣುವ ರಾಶಿ, ಎಂಜಿನಿನ ಕಂಪನಕ್ಕೂ ಅಲೆಗಳ ತೊನೆದಾಟಕ್ಕೂ ಒತ್ತೊತ್ತಾಗಿ, ಕಣಗಳ ನಡುವಣ ನೀರು ಹೊರಹೋಗಲು ದಾರಿಯಿಲ್ಲದೆ, ಇದ್ದಕ್ಕಿದ್ದಂತೆ ದ್ರವದ ಹಾಗೆ ಹರಿಯತೊಡಗುತ್ತದೆ. ಹಡಗು ಒಂದು ಬದಿಗೆ ವಾಲಿದಾಗ ಸರಕೂ ಆ ಬದಿಗೆ ಜಾರುತ್ತದೆ. ಹಡಗು ಮರಳಿ ಎದ್ದರೂ ಸರಕು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಇಂತಹ ಕೆಲವು ತೊನೆತಗಳಲ್ಲಿ ಹಡಗು ಮಗುಚಿಕೊಳ್ಳುತ್ತದೆ.

2009ರ ಜುಲೈನಲ್ಲಿ, ಮುಂಗಾರಿನ ನಡುವೆ, ನವಮಂಗಳೂರು ಬಂದರಿನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟ 'ಏಷಿಯನ್ ಫಾರೆಸ್ಟ್' ಮಂಗಳೂರಿನ ಸಮೀಪವೇ ವಾಲಿ ಮುಳುಗಿತು. ಅದೃಷ್ಟವಶಾತ್ ನಾವಿಕರೆಲ್ಲರೂ ಪಾರಾದರು. ಎರಡೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಒಡಿಶಾದ ಪಾರಾದೀಪ್ ಬಂದರಿನಾಚೆ 'ಬ್ಲ್ಯಾಕ್ ರೋಸ್' ಅದೇ ರೀತಿ ಮಗುಚಿತು. ಅದು ಬಳ್ಳಾರಿ, ಸಂಡೂರು, ಹೊಸಪೇಟೆಗಳ ಅದಿರಿಗೆ ಚೀನಾದಿಂದ ಬೇಡಿಕೆ ಉಕ್ಕುತ್ತಿದ್ದ ಕಾಲ. ಬಯಲಿನಲ್ಲಿ ರಾಶಿ ಹಾಕಿದ ಅದಿರು ಮಳೆಯಲ್ಲಿ ನೆನೆಯುತ್ತಿತ್ತು. ಹಡಗು ಕಾಯಿಸಿದರೆ ದಿನಕ್ಕಿಷ್ಟೆಂದು ಡೆಮರೇಜ್ ಏರುತ್ತಿತ್ತು. ಪ್ರಮಾಣಪತ್ರದಲ್ಲಿನ ತೇವಾಂಶಕ್ಕೂ ಹಡಗಿನೊಳಗಿನ ತೇವಾಂಶಕ್ಕೂ ತಾಳೆಯಾಗುತ್ತಿಲ್ಲವೆಂದು ಹಡಗು ಮಾಲೀಕರ ವಿಮಾ ಸಂಘಗಳು ಆಗ ಎಚ್ಚರಿಸಿದ್ದವು. (ಬೇಲೆಕೇರಿ ಬಂದರಿನಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ದಡದ ಮೇಲಿಂದಲೇ ಕಾಣೆಯಾದ ಪ್ರಕರಣ ಬೇರೆ, ಅದಕ್ಕೆ ಸಮುದ್ರವನ್ನು ದೂರುವಂತಿಲ್ಲ.) 2011ರ ಜನವರಿ 1ರಿಂದ ಘನ ಸರಕುಗಳ ಸಾಗಣೆಯ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾಯಿತು. ಅದರಂತೆ, ಅದಿರು ಹರಿಯತೊಡಗುವ ತೇವಾಂಶದ ಮಟ್ಟವನ್ನು ಪ್ರಯೋಗಾಲಯದಲ್ಲಿ ಅಳೆದು, ಅದರ ಶೇಕಡಾ 90ನ್ನು ಸಾಗಣೆಯ ಮಿತಿ ಎಂದು ನಿಗದಿಪಡಿಸಲಾಗುತ್ತದೆ. ಮಿತಿಯನ್ನೂ ವಾಸ್ತವ ತೇವಾಂಶವನ್ನೂ ಲಿಖಿತವಾಗಿ ತಿಳಿಸುವ ಹೊಣೆ ಸರಕು ಕಳುಹಿಸುವವರದು.

ಸಂಹಿತೆ ಬಂದ ವರ್ಷದ ಡಿಸೆಂಬರಿನಲ್ಲಿಯೇ ಇಂಡೋನೇಷ್ಯಾದಿಂದ ಐವತ್ತು ಸಾವಿರ ಟನ್ನಿಗೂ ಹೆಚ್ಚು ನಿಕಲ್ ಅದಿರು ಹೊತ್ತು ಚೀನಾಕ್ಕೆ ಹೊರಟಿದ್ದ ವಿಯೆಟ್ನಾಮಿನ 'ವಿನಾಲೈನ್ಸ್ ಕ್ವೀನ್' ಕಾಣೆಯಾಯಿತು. 23 ನಾವಿಕರಲ್ಲಿ ಒಬ್ಬ ಐದು ದಿನಗಳ ನಂತರ ಹಾದುಹೋಗುತ್ತಿದ್ದ ಇನ್ನೊಂದು ಹಡಗಿನವರ ಕಣ್ಣಿಗೆ ಬಿದ್ದು ಬದುಕಿದ. ಹಡಗು ವಾಲಿ ಕೆಲವೇ ನಿಮಿಷಗಳಲ್ಲಿ ಮುಳುಗಿದ ಸಂಗತಿ ಹೊರಬಂದುದು ಅವನೊಬ್ಬನಿಂದ. ಅವನು ಸಿಗದೇ ಹೋಗಿದ್ದರೆ ಅದೂ ಒಂದು 'ನಿಗೂಢ' ಪ್ರಕರಣವೇ ಆಗಿ ಉಳಿಯುತ್ತಿತ್ತು.

ಗಾಳಿ, ಅಲೆ

ಬಿರುಗಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ 'ವೈತರಣಾ' ಎಂಬ ಉಗಿಹಡಗು ಸೌರಾಷ್ಟ್ರದ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ, ಏಳುನೂರಕ್ಕೂ ಹೆಚ್ಚು ಜನರೊಡನೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು 'ವೀಜಳಿ' ಎಂದು ಕರೆಯುತ್ತಿದ್ದರು. ಹಡಗಿನಲ್ಲಿ ದೀಪಗಳಿದ್ದವು, ಜೀವರಕ್ಷಕ ಸಾಧನಗಳು ಸಾಲದಾಗಿದ್ದವೆಂದು ವಿಚಾರಣೆಯಲ್ಲಿ ತಿಳಿದುಬಂತು.

ಅಲೆಗಳ ವಿಷಯದಲ್ಲಿ ಮಾತ್ರ ವಿಜ್ಞಾನವೇ ನಾವಿಕರ ಕ್ಷಮೆ ಕೇಳಬೇಕಾಗಿದೆ. ಸುತ್ತಲಿನ ಅಲೆಗಳ ಎರಡು ಪಟ್ಟಿಗೂ ಮೀರಿ ಒಂಟಿ ಅಲೆಯೊಂದು ಗೋಡೆಯಂತೆ ಏಳುತ್ತದೆಂದು ಅವರು ಹೇಳುತ್ತಿದ್ದುದನ್ನು ಬಹುಕಾಲ ಅತಿಶಯೋಕ್ತಿ ಎಂದು ತಳ್ಳಿಹಾಕಲಾಗಿತ್ತು. 1978ರ ಡಿಸೆಂಬರಿನಲ್ಲಿ ಜರ್ಮನಿಯ ಆಧುನಿಕ ಸರಕು ನೌಕೆ 'ಮ್ಯೂಂಚೆನ್' ಅಟ್ಲಾಂಟಿಕ್ಕಿನಲ್ಲಿ 28 ಮಂದಿಯೊಡನೆ ಕಾಣೆಯಾದಾಗ ಸಿಕ್ಕ ಅದರ ರಕ್ಷಣಾ ದೋಣಿಯೊಂದು ವಿಚಿತ್ರ ಸಾಕ್ಷ್ಯ ನುಡಿಯಿತು. ನೀರಿನ ಮಟ್ಟದಿಂದ ಸುಮಾರು 20 ಮೀಟರ್ ಎತ್ತರದಲ್ಲಿ ಆ ದೋಣಿಯನ್ನು ಹಿಡಿದಿದ್ದ ಉಕ್ಕಿನ ಪಿನ್ನುಗಳು ಹಿಂದಕ್ಕೆ ಬಾಗಿದ್ದವು. ಅಷ್ಟು ಎತ್ತರದಲ್ಲಿ ಅಂತಹ ಹೊಡೆತ ಕೊಡಬಲ್ಲದ್ದು ಯಾವುದು? 1995ರ ಜನವರಿ 1ರಂದು ಉತ್ತರ ಸಮುದ್ರದ 'ಡ್ರಾಪ್ನರ್' ಅನಿಲ ವೇದಿಕೆಯ ಉಪಕರಣ ಸುಮಾರು 26 ಮೀಟರ್ ಎತ್ತರದ ಒಂದು ಅಲೆಯನ್ನು ಅಳೆದು ದಾಖಲಿಸಿತು. ಆ ಮೇಲೆ ವಾದ ನಿಂತಿತು.

ದಡದಲ್ಲಿಯೇ ತಯಾರಾದ ನಷ್ಟಗಳು

ಹಡಗು ಮುಳುಗಲು ಎಲ್ಲ ಸಂದರ್ಭಗಳಲ್ಲಿಯೂ ಸಮುದ್ರವೇ ಕಾರಣವಲ್ಲ. 1977ರ ಜನವರಿಯಲ್ಲಿ ಇಟಲಿಯಿಂದ ಹಾಂಗ್‌ಕಾಂಗಿಗೆ ಹೊರಟಿದ್ದ 'ಲುಕೋನಾ' ಹಿಂದೂ ಮಹಾಸಾಗರದಲ್ಲಿ ಸ್ಫೋಟಗೊಂಡು ಮುಳುಗಿತು; 12 ಮಂದಿಯಲ್ಲಿ ಆರು ಮಂದಿ ಸತ್ತರು. ಸರಕನ್ನು ಕಳುಹಿಸಿದ್ದ ಆಸ್ಟ್ರಿಯಾದ ಉದ್ಯಮಿ ಉಡೋ ಪ್ರೋಕ್ಷ್, ಅದರಲ್ಲಿ ಯುರೇನಿಯಂ ಸಂಸ್ಕರಣೆಯ ದುಬಾರಿ ಯಂತ್ರಗಳಿದ್ದವೆಂದು 21 ಕೋಟಿಗೂ ಹೆಚ್ಚು ಷಿಲ್ಲಿಂಗ್ ವಿಮೆಯ ಹಣ ಕೇಳಿದ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ ಎಲ್ಲವೂ ಸರಿಯಾಗಿದ್ದವು. ವಸ್ತು ಮಾತ್ರ ಗುಜರಿ. ವಿಮಾ ಕಂಪನಿ ಅನುಮಾನಿಸಿ ಹಣ ತಡೆಹಿಡಿಯಿತು. ಆತನ ರಾಜಕೀಯ ಸಖ್ಯಗಳಿಂದ ತನಿಖೆ ವರ್ಷಗಟ್ಟಲೆ ಎಳೆಯಿತು. 1991ರಲ್ಲಿ ಸಮುದ್ರದ ಆಳದಲ್ಲಿ ಸಿಕ್ಕ ಅವಶೇಷ ಟೈಂಬಾಂಬಿನ ಸಂಗತಿಯನ್ನು ದೃಢಪಡಿಸಿತು. 1992ರಲ್ಲಿ ಪ್ರೋಕ್ಷ್‌ಗೆ ಜೀವಾವಧಿ ಶಿಕ್ಷೆಯಾಯಿತು.

'ಸೇಲಂ' ಎಂಬ ತೈಲ ಹಡಗಿನದು ಇನ್ನೂ ದೊಡ್ಡ ಮೊತ್ತದ ವಂಚನೆ. ಕುವೈತಿನಲ್ಲಿ ಸುಮಾರು ಎರಡು ಲಕ್ಷ ಟನ್ ಕಚ್ಚಾತೈಲ ತುಂಬಿಕೊಂಡು ಯುರೋಪಿಗೆ ಹೊರಟ ಇದು, ಆಗ ತೈಲ ನಿರ್ಬಂಧ ಎದುರಿಸುತ್ತಿದ್ದ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಬಹುಪಾಲು ತೈಲವನ್ನು ಗುಟ್ಟಾಗಿ ಇಳಿಸಿತು. ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಕೊಂಡು ಮುಂದೆ ಸಾಗಿ 1980ರ ಜನವರಿ 17ರಂದು ಪಶ್ಚಿಮ ಆಫ್ರಿಕದ ಸೆನೆಗಲ್ಲಿನಾಚೆ 'ಮುಳುಗಿತು'. ರಕ್ಷಿಸಲ್ಪಟ್ಟ ನಾವಿಕರ ಕೈಯಲ್ಲಿ ನೀಟಾಗಿ ಜೋಡಿಸಿದ ಸೂಟ್‌ಕೇಸುಗಳಿದ್ದವು. ಹಡಗಿನ ದಿನಚರಿ ಪುಸ್ತಕ ಮಾತ್ರ ಅವಸರದಲ್ಲಿ ಕಳೆದುಹೋಗಿತ್ತಂತೆ! ತೈಲದ ಮಾಲೀಕರಾಗಿದ್ದ ಷೆಲ್ ಕಂಪನಿ ವಿಮೆಗಾಗಿ ಹೂಡಿದ ದಾವೆಯಲ್ಲಿ, ಡರ್ಬನ್ನಿನಲ್ಲಿ ಇಳಿಸಿದ ತೈಲಕ್ಕೆ ಪಾಲಿಸಿಯ ರಕ್ಷಣೆಯಿಲ್ಲವೆಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1983ರಲ್ಲಿ ತೀರ್ಪಿತ್ತಿತು. ಇಂತಹ ವಂಚನೆಗಳ ಬಗ್ಗೆ ಮಾಹಿತಿ ಕಲೆಹಾಕಲೆಂದೇ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1981ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಡಲ ಬ್ಯೂರೋವನ್ನು ಸ್ಥಾಪಿಸಿತು. ಕಡಲ್ಗಳ್ಳತನದ ವಾರ್ಷಿಕ ವರದಿಗಳಿಂದ ಹೆಸರಾದ ಸಂಸ್ಥೆ ಅದೇ.

ವಿಮಾನಗಳು

1945ರ ಡಿಸೆಂಬರ್ 5ರಂದು ಫ್ಲಾರಿಡಾದಿಂದ ತರಬೇತಿಗೆಂದು ಹಾರಿದ ಅಮೆರಿಕನ್ ನೌಕಾಪಡೆಯ ಐದು ವಿಮಾನಗಳು 14 ಮಂದಿಯೊಡನೆ ಮರಳಲಿಲ್ಲ. ಮುಂದಾಳುವಿನ ದಿಕ್ಸೂಚಿಗಳು ಕೆಟ್ಟಿದ್ದವು. ಬಹಾಮಾ ದ್ವೀಪಗಳ ಮೇಲಿದ್ದರೂ ಫ್ಲಾರಿಡಾದ ದಕ್ಷಿಣದ ದ್ವೀಪಗಳ ಮೇಲಿದ್ದೇನೆಂದು ಆತ ತಿಳಿದಿದ್ದನೆಂಬುದು ರೇಡಿಯೋ ಸಂಭಾಷಣೆಗಳಿಂದ ಕಂಡುಬರುತ್ತದೆ. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ತೀರಿತು. ಹುಡುಕಲು ಹೋದ ವಿಮಾನವೂ 13 ಮಂದಿಯೊಡನೆ ನಷ್ಟವಾಯಿತು. ಆಗಸದಲ್ಲಿ ಬೆಂಕಿ ಕಂಡುದಾಗಿ ಸಮೀಪದ ತೈಲ ಹಡಗಿನವರು ಹೇಳಿದರು. ವಿಚಾರಣಾ ಮಂಡಳಿ ಮೊದಲು ಮುಂದಾಳುವಿನ ತಪ್ಪೆಂದು ಬರೆಯಿತು. ಆತನ ಮನೆಯವರು ಆಕ್ಷೇಪಿಸಿದ ಮೇಲೆ ಅದನ್ನು 'ಕಾರಣ ತಿಳಿದಿಲ್ಲ' ಎಂದು ತಿದ್ದಲಾಯಿತು. ತಾಯಿಯೊಬ್ಬಳ ಸಂಕಟಕ್ಕೆ ಮಣಿದು ಮಾಡಿದ ಆ ತಿದ್ದುಪಡಿಯೇ ಮುಂದೆ ತ್ರಿಕೋಣದ ಲೇಖಕರಿಗೆ ಬಂಡವಾಳವಾಯಿತು. ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿದರೆ ಅದು ಅಲೌಕಿಕವಾಗಿಬಿಡುವುದಿಲ್ಲ ಎಂಬುದನ್ನು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ.

ಪೆಟ್ಟಿಗೆ ಸಿಕ್ಕರೆ ಉತ್ತರ ಸಿಗುತ್ತದೆ. ರಿಯೋದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು 228 ಮಂದಿಯೊಡನೆ ಅಟ್ಲಾಂಟಿಕ್ಕಿನಲ್ಲಿ ಬಿದ್ದಾಗ ಸಿಡಿಲು, ಬಾಂಬು ಎಂದೆಲ್ಲ ಊಹೆಗಳು ಹಬ್ಬಿದವು. 2011ರಲ್ಲಿ ಸುಮಾರು 3,900 ಮೀಟರ್ ಆಳದಿಂದ ಕಪ್ಪು ಪೆಟ್ಟಿಗೆಗಳನ್ನು ಎತ್ತಲಾಯಿತು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜು ಕಟ್ಟಿ ಸ್ವಯಂಚಾಲನೆ ನಿಂತಿದ್ದೂ, ಗೊಂದಲಗೊಂಡ ಚಾಲಕರು ವಿಮಾನದ ಮೂತಿಯನ್ನು ಮೇಲೆತ್ತಿ ಹಿಡಿದಿದ್ದೂ ಅವುಗಳಿಂದ ಗೊತ್ತಾಯಿತು. ಭಾರತೀಯ ವಾಯುಪಡೆಯ ಎಎನ್-32 ವಿಮಾನ 2016ರ ಜುಲೈ 22ರಂದು ಚೆನ್ನೈಯ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹಾರುತ್ತ 29 ಮಂದಿಯೊಡನೆ ಕಾಣೆಯಾಗಿತ್ತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಜಲವಾಹನ ಬಂಗಾಳ ಕೊಲ್ಲಿಯ 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಅದರ ಅವಶೇಷ ಕಂಡುಬಂದ ಸಂಗತಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಏಳೂವರೆ ವರ್ಷ ಆ ಮನೆಗಳವರು ಕಾದಿದ್ದರು.

ಕಾನೂನು ಏನನ್ನುತ್ತದೆ?

ಹಡಗೇ ಸಿಗದಿದ್ದರೆ ವಿಮೆಯ ಹಣ ಕೇಳುವುದು ಹೇಗೆ? ಈ ಪ್ರಶ್ನೆ ಹದಿನೆಂಟನೆಯ ಶತಮಾನದಲ್ಲಿಯೇ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತ್ತು. ಉತ್ತರ ಕ್ಯಾರೊಲಿನಾದಿಂದ ಲಂಡನ್ನಿಗೆ ಹೊರಟ ಹಡಗೊಂದು ವರ್ಷಗಳಾದರೂ ಬರಲಿಲ್ಲ. ಶತ್ರುಗಳು ಹಿಡಿದಿದ್ದರೆ ಪಾಲಿಸಿಯ ಪ್ರಕಾರ ಹಣ ಕೊಡಬೇಕಾಗಿರಲಿಲ್ಲ. ಹಾಗೆಯೇ ಆಗಿರಬಹುದೆಂದು ವಿಮೆ ಇಳಿಸಿದವರ ವಾದ. ಹಿಡಿದಿದ್ದರೆ ಯಾರಾದರೊಬ್ಬರಿಂದ ಸುದ್ದಿ ಬರುತ್ತಿತ್ತು, ಬಂದಿಲ್ಲವಾದ್ದರಿಂದ ಮುಳುಗಿರಬೇಕು ಎಂದು ತೀರ್ಮಾನವಾಯಿತು. 'ಗ್ರೀನ್ ವಿರುದ್ಧ ಬ್ರೌನ್' ಎಂಬ ಈ ಮೊಕದ್ದಮೆಯ ತತ್ತ್ವ 1906ರ ಬ್ರಿಟಿಷ್ ಕಾಯ್ದೆಯ 58ನೇ ಕಲಮಿನಲ್ಲಿ ಸೇರಿ, ಅಲ್ಲಿಂದ ಭಾರತದ 1963ರ ಸಮುದ್ರ ವಿಮಾ ಕಾಯ್ದೆಗೂ ಬಂದಿದೆ. ಯುಕ್ತವಾದ ಅವಧಿ ಕಳೆದರೂ ಹಡಗಿನ ಸುದ್ದಿ ಬಾರದಿದ್ದರೆ ಅದು ಪೂರ್ಣವಾಗಿ ನಷ್ಟವಾಯಿತೆಂದು ಭಾವಿಸಬಹುದು. ಯುಕ್ತ ಅವಧಿ ಎಷ್ಟೆಂಬುದನ್ನು ಕಾಯ್ದೆ ಹೇಳುವುದಿಲ್ಲ. ಅದು ಮಾರ್ಗ, ಹವೆ, ಸಂಪರ್ಕ ಸಾಧನಗಳನ್ನು ಅವಲಂಬಿಸಿದೆ. ಮನುಷ್ಯರ ವಿಷಯದಲ್ಲಿ ಹೀಗಲ್ಲ. ಏಳು ವರ್ಷ ಸುದ್ದಿಯಿಲ್ಲದಿದ್ದರಷ್ಟೇ ಮರಣವನ್ನು ಭಾವಿಸುವ 1872ರ ಸಾಕ್ಷ್ಯ ಕಾಯ್ದೆಯ ನಿಯಮವನ್ನು 2023ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಹಡಗಿನ ಲೆಕ್ಕ ಬೇಗ ಚುಕ್ತಾ ಆಗಬಹುದು. ನಾವಿಕನ ಹೆಂಡತಿ ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಮರಣ ಪ್ರಮಾಣಪತ್ರವಿಲ್ಲದೆ ಅಲೆಯಬೇಕಾದೀತು.

ಹಾಗೆಂದು ಯಾವ ವಿವರಣೆ ಕೊಟ್ಟರೂ ನ್ಯಾಯಾಲಯ ಒಪ್ಪುವುದಿಲ್ಲ. 1976ರ ಆಗಸ್ಟಿನಲ್ಲಿ ಸಕ್ಕರೆ ಹೊತ್ತಿದ್ದ 'ಪೋಪಿ ಎಂ' ಎಂಬ ಹಡಗು ಆಲ್ಜೀರಿಯಾದ ಆಚೆ ಶಾಂತವಾದ ಸಮುದ್ರದಲ್ಲಿ, ಹಗಲಿನಲ್ಲಿ, ಬದಿಯಲ್ಲಿ ತೂತಾಗಿ ಮುಳುಗಿತು. ಅವಶೇಷ ಪರಿಶೀಲನೆಗೆ ನಿಲುಕದಷ್ಟು ಆಳದಲ್ಲಿತ್ತು. ಯಾರೂ ಕಾಣದ ಜಲಾಂತರ್ಗಾಮಿಯೊಂದು ಡಿಕ್ಕಿ ಹೊಡೆದಿರಬೇಕೆಂದು ಮಾಲೀಕರೂ, ಹಳೆಯ ಹಡಗು ಸವೆದು ಒಡೆಯಿತೆಂದು ವಿಮೆಯವರೂ ವಾದಿಸಿದರು. ಎರಡೂ ನಂಬಲು ಕಷ್ಟವಾದರೂ ಜಲಾಂತರ್ಗಾಮಿಯ ಪಕ್ಷವೇ ವಾಸಿಯೆಂದು ಕೆಳಗಿನ ನ್ಯಾಯಾಲಯ ಒಪ್ಪಿತು. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಪತ್ತೇದಾರಿ ಷರ್ಲಾಕ್ ಹೋಮ್ಸನ ತರ್ಕ ನ್ಯಾಯಪೀಠಕ್ಕೆ ಸಲ್ಲದು. ಎರಡು ಅಸಂಭವ ವಿವರಣೆಗಳಲ್ಲಿ ಒಂದನ್ನು ಆರಿಸಲೇಬೇಕೆಂಬ ನಿರ್ಬಂಧ ನ್ಯಾಯಾಧೀಶರಿಗಿಲ್ಲ. ರುಜುವಾತಾಗಿಲ್ಲ ಎಂಬುದೂ ಒಂದು ತೀರ್ಪೇ. ಮಾಲೀಕರಿಗೆ ಹಣ ಸಿಗಲಿಲ್ಲ. ಈ ವಿಷಯದಲ್ಲಿ ಬಂದಿರುವ ಎಲ್ಲ ಬರಹಗಳಿಗಿಂತ ಈ ತೀರ್ಪು ಹೆಚ್ಚು ಪ್ರಾಮಾಣಿಕವಾದುದು.

ಸರಕು ಕಳುಹಿಸುವ ಸಣ್ಣ ಉದ್ದಿಮೆದಾರರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಡಗು ಸಿಗದಿದ್ದರೂ ಸಾಗಣೆದಾರರ ಮೇಲೆ ದಾವೆ ಹೂಡುವ ಅವಧಿ ನಿಲ್ಲುವುದಿಲ್ಲ. ಸರಕು ತಲುಪಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಬೇಕು. 1925ರ ಸಮುದ್ರ ಸರಕು ಸಾಗಣೆ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸದು ಬಂದಿದ್ದರೂ ಈ ಮಿತಿ ಬದಲಾಗಿಲ್ಲ. ಮುಳುಗಡೆಯ ವರದಿಗಾಗಿ ಕಾಯುತ್ತ ಕುಳಿತು ಅವಧಿ ಮೀರಿಸಿಕೊಂಡರೆ, ವಿಮಾ ಕಂಪನಿಯೂ ತನ್ನ ಹಕ್ಕಿಗೆ ಚ್ಯುತಿಯಾಯಿತೆಂದು ತಕರಾರು ತೆಗೆಯಬಹುದು. ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್ ಮತ್ತು ಪಾಲಿಸಿಯ ಮೂಲಪ್ರತಿಗಳು ಕೈಯಲ್ಲಿರುವುದು ಅಷ್ಟೇ ಮುಖ್ಯ. ಹಡಗು ಹೋದ ಮೇಲೆ ಸರಕು ಇತ್ತೆಂಬುದಕ್ಕೆ ಉಳಿಯುವ ಸಾಕ್ಷಿ ಅವೇ.

ಮಲ್ಪೆಯ ದೋಣಿ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕಾ ದೋಣಿ ಎರಡು ದಿನಗಳ ಬಳಿಕ ಸಂಪರ್ಕ ಕಡಿದುಕೊಂಡಿತು. ಅದರಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ. ಅಪಹರಣವಾಯಿತೆಂಬ ವದಂತಿ ತಿಂಗಳುಗಟ್ಟಲೆ ಕರಾವಳಿಯಲ್ಲಿ ಓಡಾಡಿತು. ಎಲ್ಲೋ ಸೆರೆಯಲ್ಲಿದ್ದಾರು ಎಂಬ ಆಸೆಯನ್ನು ಆ ವದಂತಿಯೇ ಏಳು ಮನೆಗಳಲ್ಲಿ ಜೀವಂತವಾಗಿ ಇಟ್ಟಿತ್ತು. 2019ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆಹಚ್ಚಿತು.

2014ರ ಮಾರ್ಚ್ 8ರಂದು 239 ಮಂದಿಯೊಡನೆ ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನದ ಹುಡುಕಾಟಕ್ಕೆ ಮಲೇಷ್ಯಾ ಸರ್ಕಾರ 2025ರ ಮಾರ್ಚ್‌ನಲ್ಲಿ ಓಷನ್ ಇನ್ಫಿನಿಟಿ ಎಂಬ ಖಾಸಗಿ ಕಂಪನಿಯೊಡನೆ ಮತ್ತೊಂದು ಕರಾರಿಗೆ ಅನುಮೋದನೆ ಕೊಟ್ಟಿತು. ಹಿಂದೂ ಮಹಾಸಾಗರದ 15 ಸಾವಿರ ಚದರ ಕಿಲೋಮೀಟರ್ ಪ್ರದೇಶದಲ್ಲಿ ಹುಡುಕಬೇಕು. ಸಿಕ್ಕರೆ 7 ಕೋಟಿ ಡಾಲರ್. ಸಿಗದಿದ್ದರೆ ಏನೂ ಇಲ್ಲ. ಮರ್ಮಗೋವಾದಿಂದ ಹೊರಟ 'ಕೈರಳಿ'ಯ ಅವಶೇಷವೂ ಇದುವರೆಗೆ ಸಿಕ್ಕಿಲ್ಲ.